ಆಯ್ತುಬಿಡಿ ಎಂಜಿನಿಯರರ ನೀರಿನ ಬಾಟಲಿ

ನನ್ನ ಸೋದರಮಾವನಿಗೆ ಕಚೇರಿಯಲ್ಲಿ ‘ಆಯ್ತುಬಿಡಿ ಎಂಜಿನಿಯರ್’ ಎಂದೇ ಹೆಸರು. ರಜೆ ಕೇಳುವ ಜವಾನನಿಗೂ ಅದೇ ಮಾತು, ಬೈಯುವ ಮೇಲಧಿಕಾರಿಗೂ ಅದೇ ಮಾತು. ಮದುವೆಗೆ ಒಪ್ಪಿಗೆಯೇ ಎಂದು ಕೇಳಿದಾಗಲೂ ‘ಆಯ್ತು ಬಿಡಿ’ ಅಂದು ಎದ್ದು ಹೋದರಂತೆ. ಒಪ್ಪಿದ್ದೋ ತಪ್ಪಿಸಿಕೊಂಡದ್ದೋ ತಿಳಿಯದೆ ಎರಡೂ ಮನೆಯವರು ಮುಖ ಮುಖ ನೋಡಿಕೊಂಡರು ಎಂದು ಅಮ್ಮ ಹೇಳಿ ನಗುತ್ತಿದ್ದಳು.

ಅವರ ಇನ್ನೊಂದು ಗುರುತು ಹೆಗಲಚೀಲದಲ್ಲಿರುವ ಸ್ಟೀಲ್ ಬಾಟಲಿ. ಓದುವ ಕಾಲದಲ್ಲಿ ಹಾಸ್ಟೆಲಿನ ಕೆಟ್ಟ ನೀರು ಕುಡಿದು ಕಾಮಾಲೆ ಹಿಡಿದು ಸಾಯುವಂತಾಗಿದ್ದರು. ಆಗ ಪಕ್ಕದಲ್ಲಿ ಕೂತು ಅವರ ವಾಂತಿ ಬಳಿದವಳು ಅಕ್ಕನಾದ ನಮ್ಮಮ್ಮ. ಅಂದಿನಿಂದ ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರಲ್ಲದೆ ಬೇರೆ ನೀರು ಅವರ ಗಂಟಲಿಗೆ ಇಳಿದಿಲ್ಲ.

ನಮ್ಮ ಹಳ್ಳಿಗೆ ಕುಡಿಯುವ ನೀರಿನ ಪೈಪು ಮಂಜೂರಾದಾಗ ಕೆಲಸ ಮಾವನ ಪಾಲಿಗೇ ಬಂತು. ಅಮ್ಮನಿಗೆ ಹಿಗ್ಗೋ ಹಿಗ್ಗು. ನನ್ನಕ್ಕ ಹಸುಗೂಸಿನೊಂದಿಗೆ ಮನೆಗೆ ಬಂದಿದ್ದಳು. ಊರಾಚೆಯ ಕೈಪಂಪಿನಿಂದ ಕೊಡ ಹೊತ್ತು ಹೊತ್ತು ಅಮ್ಮನ ಸೊಂಟ ಬಿದ್ದುಹೋಗಿತ್ತು. ಮಾವ ಶ್ರದ್ಧೆಯಿಂದಲೇ ಶುರುಮಾಡಿದರು. ಟೇಪು ಹಿಡಿದು ಬೀದಿಬೀದಿ ಅಳೆದರು, ನಮ್ಮ ಮೇಜಿನ ಮೇಲೇ ನಕ್ಷೆ ಹರಡಿ ನನಗೂ ತೋರಿಸಿದರು. ನಮ್ಮ ಬೀದಿಯಲ್ಲಿ ಚರಂಡಿ ಎಡಕ್ಕೆ. ಪೈಪು ಬಲಕ್ಕೆ, ಕಾಂಕ್ರೀಟ್ ಕತ್ತರಿಸಿ, ಆಳದ ಕಾಲುವೆಯಲ್ಲಿ. ಅಷ್ಟು ದೂರ ಏಕೆಂದು ಕೇಳಿದೆ. ನೀರು ಬಿಟ್ಟಿರುವಾಗ ಜೋಡಣೆ ಸಡಿಲವಿದ್ದರೆ ನೀರು ಹೊರಗೆ ಸೋರುತ್ತದೆ, ನಿಲ್ಲಿಸಿದ ಮೇಲೆ ಖಾಲಿ ಪೈಪು ಸುತ್ತಲಿನ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ ಎಂದು ತಾಳ್ಮೆಯಿಂದ ತಿಳಿಸಿದರು. ಅವರ ಬಗ್ಗೆ ನನಗೆ ಹೆಮ್ಮೆಯಾಗಿತ್ತು.

ಗುತ್ತಿಗೆದಾರ ಸದಾ ನಗುಮುಖದವನು. ಕಾಂಕ್ರೀಟ್ ಕತ್ತರಿಸುವ ಯಂತ್ರ ತರಿಸಬೇಕು, ಮತ್ತೆ ರಸ್ತೆ ಮುಚ್ಚಿಕೊಡಬೇಕು ಎಂದು ಅವನಿಗೆ ಬೇಸರ. ಒಂದು ಬೆಳಿಗ್ಗೆ ಬೀದಿಯಲ್ಲಿ ನಿಂತು ಚರಂಡಿಯತ್ತ ಕೈ ತೋರಿಸಿದ.

“ಕಾಲುವೆ ರೆಡಿ ಇದೆಯಲ್ಲ ಸಾರ್, ಮತ್ಯಾಕೆ ಅಗೀಬೇಕು? ಒಳಗಿನ ನೀರು ಒಳಗೆ, ಹೊರಗಿನದು ಹೊರಗೆ. ಅವೇನು ಮಾತಾಡ್ಕೊಳ್ತವಾ?”

ಮಾವ ಚರಂಡಿ ನೋಡಿದರು, ಗಡಿಯಾರ ನೋಡಿದರು. “ಆಯ್ತು ಬಿಡಿ” ಅಂದರು.

ಕೆಲಸದವರು ಕರಿ ಕೆಸರಿಗೆ ಇಳಿದರು. ಅಲ್ಲಿ ಇಲ್ಲದ್ದೇ ಇಲ್ಲ: ಕೊಳೆತ ಸೊಪ್ಪು, ಸತ್ತ ಇಲಿ, ಮಕ್ಕಳ ಹೇಲು ಬಟ್ಟೆ ತೊಳೆದ ನೀರು. ಪೈಪಿನ ತುದಿಯ ಲೋಳೆಯನ್ನು ಸಿಮೆಂಟ್ ಚೀಲದ ತುಂಡಿನಿಂದ ಒರೆಸಿ, ಇನ್ನೂ ಒದ್ದೆ ಇರುವಾಗಲೇ ಅಂಟು ಬಳಿದು ಜೋಡಿಸುತ್ತಿದ್ದರು. ಮಾವ ಮೂಗಿಗೆ ಕರವಸ್ತ್ರ ಹಿಡಿದು ದಡದಲ್ಲಿ ನಿಂತಿದ್ದರು. ಪ್ಯಾಂಟಿಗೆ ಒಂದು ಹನಿ ಸಿಡಿದದ್ದಕ್ಕೆ ನಮ್ಮ ಬಚ್ಚಲಿಗೆ ಓಡಿಬಂದು, ಅಮ್ಮ ಹೊತ್ತು ತಂದ ಕೊಡದ ನೀರೆಲ್ಲ ಸುರಿದುಕೊಂಡು ಸೋಪು ಹಚ್ಚಿ ತೊಳೆದರು.

ಅಮ್ಮ ಟವೆಲ್ ಕೊಡುತ್ತಾ ಕೇಳಿಕೊಂಡಳು. “ಮಗು ಕುಡಿಯೋ ನೀರು ಕಣೋ ಅದು. ಆ ಕಡೆ ಹಾಕ್ಸು.”

“ಜಗಳ ಆಡಿದ್ರೆ ಅವ್ನು ಅರ್ಧಕ್ಕೆ ಬಿಟ್ಟು ಹೋಗ್ತಾನಕ್ಕಾ. ಆಮೇಲೆ ನಿಮಗೆ ಇದೂ ಇರಲ್ಲ.”

“ಹೋಗ್ಲಿ. ನಾನು ಹೊರ್ತೀನಿ. ಹೊತ್ತಿಲ್ವಾ ಇಷ್ಟು ದಿನ?”

“ಆಯ್ತು ಬಿಡಕ್ಕಾ, ಹೇಳ್ತೀನಿ.”

ಅಮ್ಮ ನಂಬಿದಳು. ತಮ್ಮ ಮಾತು ಕೊಟ್ಟ ಎಂದು ನನ್ನಕ್ಕನಿಗೂ ಧೈರ್ಯ ಹೇಳಿದಳು. ಸಂಜೆಯೊಳಗೆ ಚರಂಡಿಯ ಮೇಲೆ ಕಲ್ಲುಚಪ್ಪಡಿ ಕೂತಿತು. ಪೈಪು ಅದರಡಿಯಲ್ಲೇ ಇತ್ತು. ನಾನು ಕಚೇರಿಗೆ ಹೋಗಿ ಕೇಳಿದೆ. ಗೋಡೆಯ ಮೇಲೆ ಅವರದೇ ನಕ್ಷೆ ತೂಗುತ್ತಿತ್ತು, ನೀಲಿ ಗೆರೆ ನಮ್ಮ ಬೀದಿಯ ಬಲಕ್ಕೇ ಇತ್ತು. ಮಾವ ನನ್ನನ್ನು ಕೂರಿಸಿ, ಓದಿದವರಿಗೆ ಎಲ್ಲದರಲ್ಲೂ ತಪ್ಪೇ ಕಾಣುತ್ತದೆ, ಸೇರಿಕೊಂಡ ಹೊಸದರಲ್ಲಿ ತಾನೂ ಹೀಗೇ ಇದ್ದೆ ಎಂದು ಪ್ರೀತಿಯಿಂದಲೇ ಹೇಳಿದರು. ಆ ಪ್ರೀತಿ ಕಂಡೇ ನನಗೆ ಹೆಚ್ಚು ಹೇಸಿಗೆಯಾಯಿತು. ಮೇಲಧಿಕಾರಿಗೂ ದೂರು ಕೊಟ್ಟೆ. ಪರಿಶೀಲನೆಗೆ ಬಂದದ್ದು ಮಾವನೇ.

ನೀರು ಬಿಟ್ಟ ದಿನ ಬೀದಿಗೆ ಬೀದಿಯೇ ನಲ್ಲಿಗಳ ಮುಂದೆ ನಿಂತಿತ್ತು. ನಮ್ಮ ನಲ್ಲಿಯಲ್ಲಿ ಮೊದಲು ಗಾಳಿ ಬುಸುಗುಟ್ಟಿತು, ಆಮೇಲೆ ಕಂದು ನೀರು, ಕೊನೆಗೆ ತಿಳಿನೀರು. ಮೂಗಿಗೆ ಹಿಡಿದರೆ ಮಾತ್ರ ವಾಸನೆ. ಮಧ್ಯಾಹ್ನ ಮಾವ ನಮ್ಮಲ್ಲೇ ಊಟಕ್ಕೆ ಕೂತರು. ಅಮ್ಮ ತಟ್ಟೆಯ ಪಕ್ಕ ಒಂದು ಲೋಟ ಇಟ್ಟಳು. ಮಾವ ಅದನ್ನು ಎತ್ತಿದವರು, ಅರ್ಧಕ್ಕೆ ನಿಲ್ಲಿಸಿದರು.

“ಕಾಯಿಸಿದ್ದಾ ಅಕ್ಕಾ?”

“ಇಲ್ಲ. ನೀನು ತಂದ ನೀರು. ಈಗಷ್ಟೇ ಹಿಡಿದೆ.”

ತೊಟ್ಟಿಲಿನಲ್ಲಿ ಮಗು ಕಾಲು ಒದೆಯುತ್ತಿತ್ತು. ಮಾವ ಅದರ ಕಡೆ ನೋಡಲಿಲ್ಲ. ಲೋಟವನ್ನು ಮೆಲ್ಲಗೆ ದೂರ ಸರಿಸಿದರು, ಚೀಲದಿಂದ ಬಾಟಲಿ ತೆಗೆದು ಎತ್ತಿ ಕುಡಿದರು, ಮುಚ್ಚಳ ತಿರುಗಿಸಿ ಒಳಗಿಟ್ಟರು. ಆಮೇಲೆ ಸಾರು ಚೆನ್ನಾಗಿದೆ ಅಂದರು.

ಅಮ್ಮ ಲೋಟದ ನೀರನ್ನು ಹಿತ್ತಲಿಗೆ ಚೆಲ್ಲಿ, ನಲ್ಲಿಯ ಬಾಯಿಗೆ ಬಟ್ಟೆ ತುರುಕಿ ಕಟ್ಟಿ, ಖಾಲಿ ಕೊಡ ತೆಗೆದುಕೊಂಡು ಕೈಪಂಪಿನ ದಾರಿ ಹಿಡಿದಳು. ನಾನು ಇನ್ನೊಂದು ಕೊಡ ಎತ್ತಿಕೊಂಡೆ.

ಮಾವ ಈಗಲೂ ಬರುತ್ತಾರೆ. ಮೊದಲು ಬಾಗಿಲಲ್ಲೇ ‘ಬಾಪ್ಪಾ, ಒಳಗ್ ಬಾ’ ಅನ್ನುತ್ತಿದ್ದ ಅಮ್ಮ ಈಗ ಹೊಸ್ತಿಲಿಗೆ ಅಡ್ಡ ನಿಂತು ಒಂದೇ ಮಾತು ಕೇಳುತ್ತಾಳೆ.

“ನಿನ್ನ ನೀರು ತಂದಿದೀಯಾ?”