ಕುಮುದಿನಿಯ ಕೋವಿಗೆ ತುಕ್ಕು ಹಿಡಿಯಲಿಲ್ಲ

ಸವಣೂರಿನ ಕುಮುದಿನಿಗೆ ಅಪ್ಪನಿಂದ ಬಂದ ಆಸ್ತಿ ಒಂದು ಒಂಟಿ ನಳಿಗೆಯ ಕೋವಿ. ಗುಡ್ಡದಿಂದ ಇಳಿಯುವ ಹಂದಿಗಳಿಂದ ಅವಳ ಮರಗೆಣಸನ್ನು ಕಾಯುವುದು ಅದೇ. ಆದರೆ ಚುನಾವಣೆ ಬಂದಾಗಲೆಲ್ಲ, ಪರವಾನಗಿ ಇದ್ದರೂ, ಫಲಿತಾಂಶ ಬರುವವರೆಗೆ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಇಡಬೇಕು. ಕಳೆದ ಸಲ ತುಕ್ಕು ಹಿಡಿದು ಮರಳಿತ್ತು. ಇನ್ನೊಮ್ಮೆ ಹಾಗಾದರೆ ಗುಜರಿಗೇ ಎಂದು ರಿಪೇರಿಯವನು ಕಡ್ಡಿ ಮುರಿದಂತೆ ಹೇಳಿದ್ದ.

ಈ ಲೋಕಸಭೆ ಚುನಾವಣೆಗೂ ಊರಲ್ಲಿ ಕೋವಿ ಇರುವ ನಾವೆಲ್ಲ ಅಜ್ಜಂದಿರ ಕ್ರಮದಂತೆ ತೆಂಗಿನೆಣ್ಣೆ ಸವರಿಯೇ ಕೊಟ್ಟೆವು. ಕುಮುದಿನಿ ಮಾತ್ರ ಸ್ಕೂಟರಿಗೆ ಹಾಕಿ ಉಳಿದಿದ್ದ ಹೊಸ ಇಂಜಿನ್ ಆಯಿಲನ್ನು ನಳಿಗೆಯ ಒಳಗೂ ಹೊರಗೂ ತೆಳ್ಳಗೆ ಹಚ್ಚಿದಳು.

ನೆರೆಮನೆಯ ಬೆಳಿಯಪ್ಪ ನಕ್ಕ. "ಎಂತ ಅಕ್ಕ, ನಿಮ್ಮ ಕೋವಿಗೆ ಗೇರ್ ಉಂಟಾ?"

"ಇಂಜಿನೂ ಕಬ್ಬಿಣ, ಇದೂ ಕಬ್ಬಿಣ. ನಿನಗೆಂತ ಮಾರಾಯ?"

ಫಲಿತಾಂಶ ಬಂದ ಮೇಲೆ, ಜೂನ್ ಮಳೆಯಲ್ಲಿ ಕೋವಿ ಬಿಡಿಸಿಕೊಳ್ಳಲು ಹೋದೆವು. ಬೆಳಿಯಪ್ಪನ ಕೋವಿಯಲ್ಲಿ ತೆಂಗಿನೆಣ್ಣೆ ಹಲಸಿನ ಮೇಣದಂತೆ ಅಂಟಿ, ಟ್ರಿಗರ್ ಅಲುಗಲಿಲ್ಲ. ಕುಮುದಿನಿ ತನ್ನದನ್ನು ಬಟ್ಟೆಯಲ್ಲಿ ಒರೆಸಿ, ನಳಿಗೆಯನ್ನು ಬೆಳಕಿಗೆ ಹಿಡಿದಳು. ನಾನೇ ಇಣುಕಿ ನೋಡಿದೆ. ಒಳಗೆಲ್ಲ ಫಳಫಳ!

"ಬಾಟ್ಲಿಯಲ್ಲಿ ಇನ್ನೂ ಉಂಟು ಬೆಳಿಯಪ್ಪ. ಮನೆಗೆ ಬಾ, ನಿನ್ನ ಕೋವಿಗೂ ಗೇರ್ ಹಾಕಿಕೊಡ್ತೇನೆ" ಎಂದವಳೇ, ಕೋವಿಯನ್ನು ಹೆಗಲಿಗೇರಿಸಿ ಪೇಟೆಯ ನಟ್ಟನಡುವೆ ನಡೆದಳು.