ಜಲಪಾತದೊಳಗಿನ ಕಂಬಿಗಳು

ಹಲ್ಲಿನ ಡಾಕ್ಟರು ವಿಡಿಯೊ ಗೇಮ್ ಡಬ್ಬವನ್ನು ಮೇಜಿನ ಮೇಲಿಟ್ಟರು, ಆದರೆ ಅದರ ಮೇಲಿಂದ ಕೈ ತೆಗೆಯಲಿಲ್ಲ.

"ಹೋದ ತಿಂಗಳು ನಾನು ಕೊಟ್ಟ ಡಬ್ಬ ಇದೇನಾ ಅಕ್ಕಾ?"

ಪಿಕ್ಚರ್ ಅಕ್ಕ ಕನ್ನಡಕ ಏರಿಸಿಕೊಂಡು ನೋಡಿದಳು. ಮುಚ್ಚಳದ ಮೂಲೆಯ ಗೀರು ಅದೇ. ಹಿಂಬದಿಯಲ್ಲಿ ತಾನೇ ಕೊರೆದು ಕೂರಿಸಿದ ಹೊಸ ಸಾಕೆಟ್ಟೂ ಅದೇ.

"ಇದೇ. ಯಾಕೆ?"

"ಹೊರಗಡೆ ಇದೇ. ಒಳಗಡೆಯೂ ಇದೇನಾ ಅಂತ ಕೇಳ್ತಿದ್ದೀನಿ."

ಡಾಕ್ಟರು ಅಂಗಿಯ ಜೇಬಿನಿಂದ ಒಂದು ಕ್ಯಾಸೆಟ್ ತೆಗೆದು ಡಬ್ಬಕ್ಕೆ ಹಾಕಿದರು. ಅವರೂ ಅವರ ತಂಗಿಯೂ ಚಿಕ್ಕಂದಿನಲ್ಲಿ ರಜೆಯಿಡೀ ಆಡುತ್ತಿದ್ದ ಆಟ. ಪರದೆಯ ಮೇಲೆ ಚಿತ್ರ ಆಗಷ್ಟೇ ಒರೆಸಿದ ಗಾಜಿನಂತೆ ನಿಚ್ಚಳವಾಗಿ ಬಂತು. ಗುಹೆಯ ಒಂದೊಂದು ಕಲ್ಲೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಅಕ್ಕನಿಗೆ ಒಳಗೊಳಗೇ ಹೆಮ್ಮೆಯಾಯಿತು. ಅಷ್ಟರಲ್ಲಿ ಆಟದ ಹುಡುಗ ಜಲಪಾತದ ಹಿಂದೆ ಹೋಗಿ ನಿಂತ. ಅಲ್ಲಿ ನೀರೇ ಇರಲಿಲ್ಲ. ಒಂದು ನೀಲಿ ಗೆರೆ, ಒಂದು ಖಾಲಿ, ಮತ್ತೊಂದು ನೀಲಿ, ಮತ್ತೊಂದು ಖಾಲಿ, ಬಾಚಣಿಗೆಯ ಹಲ್ಲಿನ ಹಾಗೆ.

"ಮೊದಲು ಇದು ನೀರಾಗಿತ್ತು. ಅದರ ಹಿಂದೆ ಹುಡುಗ ಮಸುಕುಮಸುಕಾಗಿ ಕಾಣ್ತಿದ್ದ. ಈಗ ನೋಡಿ, ಜೈಲಿನ ಕಂಬಿ. ನಾನು ಒಬ್ಬರ ಬಾಯಿಂದ ಒಳ್ಳೇ ಹಲ್ಲು ಕಿತ್ತು ಹುಳುಕು ಹಲ್ಲು ಕೂರಿಸಿದ್ರೆ ಅವರಿಗೆ ಗೊತ್ತಾಗಲ್ವಾ?"

"ನಾನು ಒಳಗಿನ ಚಿಪ್ ಬದಲಾಯಿಸಿಲ್ಲ ಡಾಕ್ಟ್ರೇ. ಕ್ಯಾಸೆಟ್ ಬಿಟ್ಟು ಹೋಗಿ, ನೋಡ್ತೀನಿ."

"ಕ್ಯಾಸೆಟ್ ಕೊಡಲ್ಲ. ಅದೂ ಬದಲಾಗಿಬಿಟ್ರೆ? ಶನಿವಾರ ನಾನೇ ತರ್ತೀನಿ. ಅಷ್ಟರಲ್ಲಿ ನನ್ನ ಚಿಪ್ ಎಲ್ಲಿದ್ರೂ ವಾಪಸ್ ಬಂದಿರಲಿ."

ಅವರು ಡಬ್ಬ ಬಿಟ್ಟು, ಕ್ಯಾಸೆಟ್ ಜೇಬಿಗಿಟ್ಟುಕೊಂಡು ಹೋದರು. ಹೀಗೆ ಒಂದು ಬಿಟ್ಟು ಒಂದು ಗೆರೆ ಖಾಲಿ ಬಿದ್ದರೆ ಚಿತ್ರದ ಚಿಪ್ಪಿನೊಳಗೆ ಏನೋ ಸತ್ತಿದೆ ಎಂದು ಅರ್ಥ. ಅವಳ ಅನುಭವ ಹೇಳಿದ್ದು ಅಷ್ಟೇ. ಅವಳು ಚಿಪ್ಪನ್ನು ಬದಲಾಯಿಸಿರಲಿಲ್ಲ. ಹಾಗಾದರೆ ಬದಲಾಯಿಸಿದವರು ಯಾರು?

ಅವಳಿಗೆ 'ಪಿಕ್ಚರ್ ಅಕ್ಕ' ಎಂಬ ಹೆಸರು ಬಂದದ್ದು ಟಿವಿ ಕಾರ್ಖಾನೆಯಲ್ಲಿ. ಹನ್ನೊಂದು ವರ್ಷ ಚಲಿಸುವ ಪಟ್ಟಿಯ ಮೇಲೆ ಸಾಲಾಗಿ ಬರುವ ಟಿವಿಗಳ ಮುಂದೆ ಕುಳಿತು, ಬಣ್ಣ ಕಲಸಿದೆಯೇ, ಅಂಚು ಮಸುಕಾಗಿದೆಯೇ ಎಂದು ನೋಡಿ, ತಪ್ಪಿದ್ದಕ್ಕೆ ಚೀಟಿ ಅಂಟಿಸುವುದೇ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಗೇಮ್ ಡಬ್ಬಗಳ ಚಿತ್ರ ಸರಿಮಾಡುವ ಕೆಲಸ ಹಿಡಿದಳು. ಆ ಡಬ್ಬಗಳ ಒಳಗೆ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆಯಾಗಿ ಶುದ್ಧವಾಗಿಯೇ ಹುಟ್ಟುತ್ತವೆ. ಹೊರಗೆ ಬರುವ ಮುಂಚೆ ಎಲ್ಲವನ್ನೂ ಒಂದೇ ಹಳದಿ ತಂತಿಗೆ ತುರುಕುವುದರಿಂದ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಅಕ್ಕ ಚಿಪ್ಪಿನ ಕಾಲುಗಳಿಗೇ ಕೂದಲೆಳೆಯಂಥ ತಂತಿ ಬೆಸೆದು, ಮೂರು ಬಣ್ಣಗಳನ್ನೂ ಬೇರೆ ದಾರಿಯಲ್ಲಿ ಹೊಸ ಸಾಕೆಟ್ಟಿಗೆ ತರುತ್ತಿದ್ದಳು. ಹಳದಿ ಸಾಕೆಟ್ಟನ್ನು ಹಾಗೇ ಬಿಡುತ್ತಿದ್ದಳು, ಆದರೆ ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಆಟ ಆಡಿ ನೋಡುವ ಅಭ್ಯಾಸವೂ ಇರಲಿಲ್ಲ. ಚೌಕಳಿ, ಬಣ್ಣದ ಪಟ್ಟಿ ತೋರಿಸುವ ಪರೀಕ್ಷೆಯ ಕ್ಯಾಸೆಟ್ ಒಂದಿತ್ತು. ಅದು ಪಾಸಾದರೆ ಡಬ್ಬ ಪಾಸು.

ಬಂದ ಡಬ್ಬ ಬಿಚ್ಚಿದೊಡನೆ ಚಿಪ್ಪಿನ ನಂಬರು ರಿಜಿಸ್ಟರಿಗೆ ಏರಬೇಕು. ಅವಳು ಪುಟ ತೆರೆದಳು. ಡಾಕ್ಟರ ಸಾಲಿನಲ್ಲಿ ನಂಬರಿನ ಜಾಗ ಖಾಲಿ.

ನೆನಪಾಯಿತು. ಆ ದಿನ ಅವಳು ಕಣ್ಣಾಸ್ಪತ್ರೆಗೆ ಹೋಗಿದ್ದಳು. ಡಬ್ಬ ಇಸಿದುಕೊಂಡು ಬಿಚ್ಚಿಟ್ಟದ್ದು ಮೈದುನ.

ಗಂಡನ ತಮ್ಮ. ಅವಳು ಮದುವೆಯಾಗಿ ಬಂದಾಗ ಹನ್ನೆರಡು ವರ್ಷದವನು. ಈಗ ತಲೆ ಅರ್ಧ ಬೆಳ್ಳಗಾಗಿದೆ, ಎರಡು ಬೀದಿ ಆಚೆ ಸಂಸಾರ. ಬೆಸುಗೆ ಕಡ್ಡಿ ಹಿಡಿಯಲು ಕಲಿಸಿದವಳು ಅವಳೇ. ಗುಜರಿ ಅಂಗಡಿಗಳಲ್ಲಿ ಸತ್ತ ಡಬ್ಬ ಹುಡುಕಿ ತಂದು, ಇದೇ ಕೋಣೆಯ ಇನ್ನೊಂದು ಮೇಜಿನಲ್ಲಿ ಒಂದರ ಭಾಗ ಇನ್ನೊಂದಕ್ಕೆ ಹಾಕಿ ಬದುಕಿಸಿ ಮಾರುವುದು ಅವನ ಕಸುಬು. ಡಾಕ್ಟರದ್ದೇ ಮಾದರಿಯ ಡಬ್ಬ ಒಂದನ್ನು ಅವನು ಅದೇ ವಾರ ಪಾರ್ಸೆಲ್ ಮಾಡಿದ್ದ.

ಸಂಜೆ ಅವನು ಬಂದಾಗ ಅವಳು ತಲೆಯೆತ್ತದೆ ಕೇಳಿದಳು. "ಹೋದ ತಿಂಗಳು ಕಳಿಸಿದ್ಯಲ್ಲ ಒಂದು ಡಬ್ಬ, ಅದು ಎಲ್ಲಿ ಸಿಕ್ಕಿತ್ತು?"

"ಯಾವ್ದು?"

"ಕಪ್ಪುದು."

"ಎಲ್ಲಾ ಕಪ್ಪೇ ಅಲ್ವಾ ಅತ್ತಿಗೆ! ನನ್ನ ತಲೆ ಬಿಟ್ಟು." ಅವನು ನಕ್ಕ.

ಇಪ್ಪತ್ತೈದು ವರ್ಷದಿಂದ ಕೇಳಿದ ನಗು. ಅಂದು ಮಾತ್ರ ಸ್ವಲ್ಪ ಬೇಗ ಬಂದಂತೆ ಕೇಳಿಸಿತು.

ಮರುದಿನ ಪರೀಕ್ಷೆಯ ಕ್ಯಾಸೆಟ್ ಹಾಕಿದಳು. ಚೌಕಳಿ ಸರಿ, ಬಣ್ಣ ಸರಿ, ಒಂದು ಗೆರೆಯೂ ಕಳೆದಿಲ್ಲ. ಸಮಾಧಾನವಾಗುವ ಬದಲು ಅನುಮಾನ ಹೆಚ್ಚಾಯಿತು. ರೋಗವನ್ನು ಬಚ್ಚಿಡುವ ಚಿಪ್ಪೇ ಹಾಕಿದ್ದಾನೆ! ಭೂತಗನ್ನಡಿ ಹಿಡಿದಳು. ಚಿಪ್ಪಿನಲ್ಲಿ ತಾನು ತಂತಿ ಬೆಸೆಯದ ಎರಡು ಕಾಲುಗಳ ಬೆಸುಗೆಯೂ ಉಳಿದವಕ್ಕಿಂತ ಹೊಳೆಯುತ್ತಿದೆಯೇ? ಒಮ್ಮೆ ಹೌದು ಅನ್ನಿಸಿತು, ದೀಪ ಸರಿಸಿದರೆ ಇಲ್ಲ ಅನ್ನಿಸಿತು. ಮಗಳ ಹಳೆಯ ಉಗುರುಬಣ್ಣದ ಶೀಶೆ ತಂದು, ಕಪಾಟಿನಲ್ಲಿದ್ದ ಎಲ್ಲ ಡಬ್ಬಗಳ ಚಿಪ್ಪಿಗೂ ಒಂದೊಂದು ಕೆಂಪು ಚುಕ್ಕೆ ಇಟ್ಟಳು.

"ಇದೇನ್ ಅತ್ತಿಗೆ, ಚಿಪ್ಪುಗಳೆಲ್ಲ ಮದುವೆಗೆ ಹೊರಟಂಗಿದೆ?"

"ಗುರುತಿಗೆ."

"ಈ ಕೋಣೇಲಿ ಇರೋದು ನಾವಿಬ್ರು. ಯಾರಿಗೆ ಗುರುತು?"

ಅವಳು ಬೆಸುಗೆಯ ಹೊಗೆಯನ್ನು ಊದಿ ಮುಂದಿನ ತಂತಿ ಎತ್ತಿಕೊಂಡಳು. ಅವನು ತನ್ನ ಮೇಜಿಗೆ ತಿರುಗಿದ.

ಶುಕ್ರವಾರ ಅವನು ಪಾರ್ಸೆಲ್ ಹಿಡಿದು ಕೊರಿಯರ್ ಆಫೀಸಿಗೆ ಹೊರಟ. ಅವನು ಬೀದಿ ದಾಟುವುದನ್ನು ಕಿಟಕಿಯಲ್ಲಿ ನೋಡಿ, ಅಕ್ಕ ಅವನ ಮೇಜಿನ ಡ್ರಾಯರ್ ಎಳೆದಳು. ಪೇಪರ್ ಹಾಸಿ ಚಿಪ್ಪುಗಳನ್ನೆಲ್ಲ ಸುರಿದು, ಡಾಕ್ಟರ ಡಬ್ಬದ ಮಾದರಿಯದು ಇದೆಯೇ ಎಂದು ಒಂದೊಂದರ ಬೆನ್ನು ಓದತೊಡಗಿದಳು. ಹದಿನೇಳನೆಯದು ಕೈಯಲ್ಲಿದ್ದಾಗ ಬಾಗಿಲಲ್ಲಿ ನೆರಳು ಬಿತ್ತು. ವಿಳಾಸದ ಚೀಟಿ ಮರೆತು ಅವನು ವಾಪಸ್ ಬಂದಿದ್ದ.

"ಏನ್ ಹುಡುಕ್ತಿದ್ದೀರಿ?"

"ಡಾಕ್ಟ್ರ ಚಿಪ್ಪು." ಸುಳ್ಳು ಹೇಳಲು ಅವಳಿಗೆ ನಾಲಿಗೆ ತಿರುಗಲಿಲ್ಲ.

ಅವನು ಪೇಪರಿನ ಮೇಲಿನ ಚಿಪ್ಪುಗಳನ್ನು ನೋಡಿದ. "ಅವರದ್ದನ್ನ ಬಿಚ್ಚಿದ್ದು ನಾನೇ. ಸ್ಕ್ರೂ ತೆಗೆದೆ, ಮುಚ್ಚಳ ಎತ್ತಿದೆ, ಅಷ್ಟೇ. ನಂಬರು ಬರೀಬೇಕು ಅನ್ನೋದು ಮರೆತೆ, ಅದು ನನ್ನ ತಪ್ಪು. ಬಾಯಿಬಿಟ್ಟು ಕೇಳಿದ್ರೆ ಇದನ್ನೇ ಹೇಳ್ತಿದ್ದೆ. ಚಹಾ ಕೊಡ್ತಾ ಕೊಡ್ತಾ ಕಳ್ಳನ ಲೆಕ್ಕಕ್ಕೆ ಹಾಕಿಬಿಟ್ರಲ್ಲ ಅತ್ತಿಗೆ."

"ಹಾಗಾದ್ರೆ ಆ ಗೆರೆಗಳು ಎಲ್ಲಿಂದ ಬಂದ್ವು ಹೇಳು!"

"ನಂಗೇನ್ ಗೊತ್ತು? ಪಿಕ್ಚರ್ ನೋಡೋರು ನೀವು." ಅವನು ಚೀಟಿ ತಗೊಂಡ. "ನಾಳೆ ಬಂದು ನನ್ನ ಸಾಮಾನು ಎತ್ಕೊಂಡು ಹೋಗ್ತೀನಿ."

ಶನಿವಾರ ಬೆಳಿಗ್ಗೆ ಅವನು ರಟ್ಟಿನ ಪೆಟ್ಟಿಗೆಗೆ ಸಾಮಾನು ತುಂಬುತ್ತಿರುವಾಗಲೇ ಡಾಕ್ಟರು ಬಂದರು. ಕ್ಯಾಸೆಟ್ ಹಾಕಿದರು. ಅದೇ ಕಂಬಿಗಳು.

"ಹೋದ ಚಿಪ್ಪು ಬರಲಿಲ್ಲ ಅಂತಾಯ್ತು," ಎಂದು ಡಾಕ್ಟರು ಪೆಟ್ಟಿಗೆಯತ್ತ ಕಣ್ಣು ಹಾಯಿಸಿದರು. ಮೈದುನನ ಕಿವಿ ಕೆಂಪಾಯಿತು.

ಅದನ್ನು ಕಂಡು ಅಕ್ಕನಿಗೆ ತಡೆಯಲಾಗಲಿಲ್ಲ. ಕಾರ್ಖಾನೆಯಲ್ಲಿ ತಪ್ಪು ಹುಡುಕುವಾಗ ಕೇಳುತ್ತಿದ್ದ ಮೊದಲ ಪ್ರಶ್ನೆಯನ್ನು ಈ ವಾರದಲ್ಲಿ ಅವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆಗಿದ್ದಕ್ಕೂ ಈಗಿರುವುದಕ್ಕೂ ನಡುವೆ ಬದಲಾದದ್ದು ಏನೇನು? ಚಿಪ್ಪು ಬದಲಾಗಿರಬಹುದು. ತಂತಿಯಂತೂ ಖಂಡಿತ ಬದಲಾಗಿತ್ತು, ಬದಲಾಯಿಸಿದವಳು ತಾನೇ. ಖಂಡಿತವಾದದ್ದನ್ನು ಬಿಟ್ಟು 'ಇರಬಹುದು' ಎಂಬುದರ ಬೆನ್ನು ಹತ್ತಿದ್ದಳು.

"ಡಾಕ್ಟ್ರೇ, ನೀರು ನೀರಾಗಿ ಕಂಡಿದ್ದು ಯಾವ ತಂತೀಲಿ?"

"ಹಳದೀದು. ಆಗ ಇನ್ಯಾವುದಿತ್ತು?"

ಅವಳು ಹೊಸ ತಂತಿ ಕಿತ್ತು, ಧೂಳು ಹಿಡಿದ ಹಳದಿ ತಂತಿಯನ್ನು ಚುಚ್ಚಿದಳು. ಗುಹೆಯ ಕಲ್ಲುಗಳು ಕಲಸಿಹೋದವು, ಅಂಚುಗಳು ಮಸುಕಾದವು. ಕಾರ್ಖಾನೆಯಲ್ಲಾದರೆ ಅವಳು ಚೀಟಿ ಅಂಟಿಸಿ ಬದಿಗಿಡುವಂಥ ಚಿತ್ರ. ಆ ಮಸುಕಿನಲ್ಲಿ ಕಂಬಿಗಳು ಒಂದಕ್ಕೊಂದು ಕರಗಿ ನೀರಾಗಿ ಧುಮುಕಿದವು. ಹಿಂದೆ ಹುಡುಗ ತೆಳುವಾಗಿ ಕಂಡ.

"ಆಟದ ಚಿತ್ರ ಬರೆದವರು ಕಂಬಿಗಳನ್ನೇ ಬರೆದಿದ್ದಾರೆ," ಅಕ್ಕ ನಿಧಾನವಾಗಿ ಹೇಳಿದಳು. "ಹಳದಿ ತಂತಿ ಬಣ್ಣಗಳನ್ನ ಮೆತ್ತುತ್ತೆ ಅಂತ ಅವರಿಗೆ ಗೊತ್ತಿತ್ತು. ಅದನ್ನೇ ನೆಚ್ಚಿಕೊಂಡು ನೀರು ಮಾಡಿದ್ದಾರೆ. ನಾನು ಚಿತ್ರ ತೊಳೆದುಬಿಟ್ಟೆ, ನೀರೇ ಹೋಯ್ತು. ಚಿಪ್ಪು ನಿಮ್ಮದೇ."

"ಅಂದ್ರೆ ನಾನೂ ನನ್ ತಂಗಿ ನೋಡಿದ್ದು ನೀರಲ್ವಾ?"

"ಕಂಬೀನೇ."

ಡಾಕ್ಟರು ಕೆನ್ನೆ ಕೆರೆದುಕೊಂಡರು. ಮೈದುನನಿಗೆ "ತಪ್ಪು ತಿಳ್ಕೋಬೇಡಿ" ಎಂದು, ಡಬ್ಬವನ್ನೂ ಎರಡೂ ತಂತಿಗಳನ್ನೂ ಎತ್ತಿಕೊಂಡು ಹೊರಟರು.

ಅಕ್ಕ ಪೆಟ್ಟಿಗೆಯ ಬಳಿ ಬಂದಳು. "ಅನುಮಾನ ಪಟ್ಟಿದ್ದು ನನ್ನ ತಪ್ಪು. ನಿನ್ನ ಡ್ರಾಯರ್ ತೆಗೆದಿದ್ದು ಅದಕ್ಕಿಂತ ದೊಡ್ಡ ತಪ್ಪು. ಇಳಿಸೋ ಸಾಮಾನು."

"ಡಾಕ್ಟ್ರು ನನ್ನ ನೋಡಿದ್ದು ಎರಡು ಸಲ ಅತ್ತಿಗೆ. ಅವರು ಏನಂದುಕೊಂಡ್ರೂ ನಡೆಯುತ್ತೆ. ನೀವು?" ಅವನು ಪೆಟ್ಟಿಗೆಗೆ ಹಗ್ಗ ಬಿಗಿದು, ಎತ್ತಿಕೊಂಡು ಹೋದ.

ಸೋಮವಾರ ಹತ್ತು ಗಂಟೆಗೆ ಹೊಸಿಲಾಚೆ ಚಪ್ಪಲಿ ಸದ್ದು ಕೇಳಿಸಿತು. ಅದೇ ಪೆಟ್ಟಿಗೆ ಹಿಡಿದು ಅವನು ಅಲ್ಲೇ ನಿಂತಿದ್ದ. ಎಂದೂ ಕೇಳಿ ಒಳಗೆ ಬಂದವನಲ್ಲ.

"ಯಾಕೋ ಅಲ್ಲೇ ನಿಂತೆ? ಬಾ ಒಳಗೆ."

"ನೀವು ಕರೀಲಿ ಅಂತ ನಿಂತಿದ್ದೆ," ಎಂದ ಅವನು. ಮುಖದಲ್ಲಿ ನಗು ಇರಲಿಲ್ಲ. ಆದರೆ ಪೆಟ್ಟಿಗೆಯನ್ನು ತಂದು ತನ್ನ ಮೇಜಿನ ಮೇಲೆಯೇ ಇಳಿಸಿದ.