ಬಾಗಿಲಿಗೆ ತಗುಲಿದ ವಿಭೂತಿ

ಸಿದ್ಧಲಿಂಗೇಶನಿಗೆ ಬಾಗಿಲುಗಳ ಮೇಲೆ ನಂಬಿಕೆಯೇ ಇಲ್ಲ. ಬಾಹ್ಯಾಕಾಶ ನಿಲ್ದಾಣದ ಕೋಣೆಗೆ ಕೂರಬೇಕಾದ ಬಾಗಿಲಿನಿಂದ ಗಾಳಿ ಸೋರುತ್ತದೆಯೇ ಎಂದು ಉಡಾವಣೆಗೆ ಮೊದಲೇ ಪರೀಕ್ಷಿಸುವುದು ತಮಿಳು ಸೀಮೆಯ ಪೆರುಂಗುಡಿಯ ಕಂಪನಿಯಲ್ಲಿ ಅವನ ಕೆಲಸ. ಇಂಥವನು ಮನೆಗೆ ಬೀಗ ಹಾಕಿದ ಮೇಲೂ ಮೆಟ್ಟಿಲಿಂದ ವಾಪಸು ಬಂದು ಜಗ್ಗಿ ನೋಡುತ್ತಾನೆ. ಕ್ರೋಂಪೇಟೆಯ ನೆರೆಯವರಿಗೆಲ್ಲ ಅದೊಂದು ತಮಾಷೆ. ನಗಲಿ ಬಿಡಿ, ಮೇಲೆ ಹೋದವರಿಗೆ ಉಸಿರಾಡಲು ಇರುವುದು ಒಳಗಿನ ಗಾಳಿಯೊಂದೇ.

ಕಳೆದ ಸಲ ಪರೀಕ್ಷಿಸಿದ ಬಾಗಿಲು ಸೋರಿ ಗುಜರಿಗೆ ಹೋಗಿತ್ತು. ಈ ಸಲದ್ದೂ ಸೋರಿದರೆ ಕೆಲಸವೇ ಬೇರೆ ಕಂಪನಿಯ ಪಾಲು. ಪರೀಕ್ಷೆಯ ದಿನ ಮಗನ ಬಾಡಿದ ಮುಖ ನೋಡಿ ತಾಯಿ ಶಿವಗಂಗಮ್ಮ ಅವನ ಹಣೆ ತುಂಬ ವಿಭೂತಿ ಬಳಿದರು.

"ಇವತ್ತೊಂದಿನ ತೊಳೀಬ್ಯಾಡ ಕಣಪ್ಪ."

ಪರೀಕ್ಷೆಯ ಕೋಣೆಯಲ್ಲಿ ಧೂಳಿನ ಕಣವೂ ಸಲ್ಲದು. ದಿನವೂ ಹಣೆ ತೊಳೆದೇ ಒಳಗೆ ಹೋಗುತ್ತಿದ್ದವನು ಅಂದು ನಲ್ಲಿಯ ಮುಂದೆ ಸುಮ್ಮನೆ ನಿಂತ. ಕೈ ನೀರಿಗೆ ಹೋಗಲಿಲ್ಲ. ಟೊಪ್ಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಒಳನಡೆದ. ಬಾಗಿಲು ಮುಚ್ಚುವ ಮುನ್ನ, ಎಂದಿನಂತೆ, ಕೈಗವಸಿನ ಬೆರಳನ್ನು ಟೊಪ್ಪಿಯಡಿ ತೂರಿಸಿ ಹಣೆ ಮುಟ್ಟಿಕೊಂಡು, ಅದರ ರಬ್ಬರ್ ಉಂಗುರದ ಮೇಲೆ ಬೆರಳಾಡಿಸಿದ.

ಸೋರಿಕೆಯ ಅಂಕಿ ಏರತೊಡಗಿತು.

"ಎನ್ನಾಚ್ಚು ಅಣ್ಣಾ?" ಏನಾಯಿತೆಂದು ಕೇಳಿದಳು ಎಂಜಿನಿಯರ್ ನಂದಿತಾ. ಕನ್ನಡದವರ ಮನೆ ಹುಡುಗಿಯೇ. ಗಾಬರಿಯಾದರೆ ಮಾತ್ರ ತಮಿಳು. ಬಾಗಿಲು ತೆಗೆಸಿ ನೋಡಿದಳು. ಬರಿಗಣ್ಣಿಗೆ ಏನೂ ಕಾಣಲಿಲ್ಲ. "ಇದ್ರದ್ದೂ ರಬ್ಬರೇ ಸರಿಯಿಲ್ಲ. ರಿಜೆಕ್ಟ್ ಮಾಡ್ಬೇಕು, ಅಷ್ಟೇ."

ಸಿದ್ಧಲಿಂಗೇಶ ತನ್ನ ಕೈಗವಸು ನೋಡಿಕೊಂಡ. ಬೆರಳ ತುದಿಯಲ್ಲಿ ಬಿಳಿಯ ಪುಡಿ. ಬಾಯಿ ಬಿಟ್ಟರೆ ಮತ್ತೆ ಈ ಕೋಣೆಗೆ ಕಾಲಿಡುವಂತಿಲ್ಲ. ಬಿಡದಿದ್ದರೆ ಒಳ್ಳೆಯ ಬಾಗಿಲು ಗುಜರಿಗೆ. ತಾಯಿಯ ಮೇಲೆ ಸಿಟ್ಟು ಬಂತು. ಆದರೆ ನಲ್ಲಿಯ ಮುಂದೆ ನಿಂತವನು ತಾನೇ ಅಲ್ಲವೇ? ಕೆಟ್ಟ ಮೇಲೆ ಬುದ್ಧಿ ಬಂತು.

"ರಬ್ಬರ್ ಚೆನ್ನಾಗೇ ಐತಮ್ಮ," ಎಂದು ಬೆರಳು ಚಾಚಿದ. "ವಿಭೂತಿ ನಂದು."

ಉಂಗುರವನ್ನು ಒರೆಸಿ ಮತ್ತೆ ಮುಚ್ಚಿದರು. ಅವನನ್ನು ಗಾಜಿನ ಗೋಡೆಯ ಆಚೆ ನಿಲ್ಲಿಸಿದರು. ಉಗುರು ಕಚ್ಚುತ್ತ ಸಂಜೆಯವರೆಗೂ ನೋಡಿದ; ಅಂಕಿ ಅಲುಗಲಿಲ್ಲ. ಹೊರಬಂದ ನಂದಿತಾ, ಬಾಗಿಲು ಪಾಸಾಯಿತೆಂದಳು. ನಾಳೆಯಿಂದ ಸ್ಟೋರಿನಲ್ಲಿ ಕೂರಬೇಕೆಂದು ಅವನ ಮುಖ ನೋಡದೆ ಹೇಳಿದಳು.

ಮನೆಯಲ್ಲಿ ಶಿವಗಂಗಮ್ಮ ಹೊಸಿಲಲ್ಲೇ ಕಾಯುತ್ತಿದ್ದರು.

"ಪಾಸಾಯ್ತೇನಪ್ಪ ಬಾಗ್ಲು?"

"ಆಯ್ತವ್ವ."

"ನೋಡಿದ್ಯಾ, ನನ್ನ ವಿಭೂತಿ!" ಮುದುಕಿಯ ಮುಖ ಅರಳಿತು. "ದಿನಾ ತೊಳೀತಿದ್ಯಲ್ಲ!"

ಸಿದ್ಧಲಿಂಗೇಶ ಚಪ್ಪಲಿ ಬಿಟ್ಟು, ತಾಯಿಯ ಮುಂದೆ ತಲೆ ಬಾಗಿಸಿದ.

"ನಾಳೆಯಿಂದ ತೊಳೆಯೋದೇ ಬ್ಯಾಡ ಕಣವ್ವ."